ಪಿಯುಸಿಗೆ ಎಷ್ಟು ಭಾರ ಹೊರಬೇಕು? ಕಾಂಬಿನೇಶನ್, ಕೋಚಿಂಗ್ ಆರಿಸುವ ಮುನ್ನ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುತ್ತಿದ್ದ ಹಾಗೆ ಶುರುವಾಗುವ ಪ್ರಶ್ನೆಗಳು ಪ್ರತಿ ವರ್ಷವೂ ಅವೇ. ಭೌತ, ರಸಾಯನ, ಗಣಿತದ ಜೊತೆ ಜೀವಶಾಸ್ತ್ರವಿರುವ ಪಿಸಿಎಂಬಿ ಕೊಡಿಸೋದೋ, ಕಂಪ್ಯೂಟರ್ ಇರುವ ಪಿಸಿಎಂಸಿಯೋ? ಪಿಯುಸಿ ಪಾಠದ ಜೊತೆಗೇ ಕೋಚಿಂಗ್ ಕೊಡುವ ಇಂಟಿಗ್ರೇಟೆಡ್ ಕಾಲೇಜಿಗೆ ಹಾಕದಿದ್ದರೆ ಮಕ್ಕಳು ಹಿಂದೆ ಬೀಳುತ್ತಾರಾ? ಹಾಕಿದರೆ ತಡೆದುಕೊಳ್ಳುತ್ತಾರಾ? ಹತ್ತನೇ ತರಗತಿಯಲ್ಲಿ 95 ಪರ್ಸೆಂಟ್ ಬಂದಿದೆ, ಜೆಇಇಗೆ ಕೂರಿಸಬಹುದಲ್ಲವಾ?

ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಶುರುವಿಗೇ ಒಂದು ಮಾತು. ಕಾಂಬಿನೇಶನ್ ಅಂದರೆ ನೀವು ಓದುವ ನಾಲ್ಕು ಐಚ್ಛಿಕ ವಿಷಯಗಳ ಗುಂಪು. ಕೋಚಿಂಗ್ ಅಂದರೆ ಪ್ರವೇಶ ಪರೀಕ್ಷೆಗೆ ಬೇಕಾದ ಹೆಚ್ಚುವರಿ ತರಬೇತಿ. ಇವು ಎರಡು ಬೇರೆ ಬೇರೆ ನಿರ್ಧಾರಗಳು. ಕಾಲೇಜಿನ ಅಡ್ಮಿಶನ್ ಕೌಂಟರ್‌ನಲ್ಲಿ ಮಾತ್ರ ಎರಡನ್ನೂ ಒಂದೇ ಪ್ಯಾಕೇಜಿನಲ್ಲಿ ಸುತ್ತಿ ಕೊಡುತ್ತಾರೆ. 'ಪಿಸಿಎಂಬಿ ತಗೊಂಡರೆ ನೀಟ್ ಬ್ಯಾಚ್, ಪಿಸಿಎಂಸಿ ತಗೊಂಡರೆ ಜೆಇಇ ಬ್ಯಾಚ್' ಅನ್ನುತ್ತಾರೆ. ನೀವು ಮೊದಲು ಅವೆರಡನ್ನು ಬಿಡಿಸಿಟ್ಟುಕೊಳ್ಳಿ.

ಕೂರುವ ಮುನ್ನ ಕೈಯಲ್ಲಿ ಏನಿರಬೇಕು

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಗಣಿತ ಮತ್ತು ವಿಜ್ಞಾನ ಉತ್ತರಪತ್ರಿಕೆ ಬೇಕು. ಅಂಕಪಟ್ಟಿಗಿಂತ ಅದು ಹೆಚ್ಚು ಹೇಳುತ್ತದೆ. ಪ್ರಥಮ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಪುಸ್ತಕಗಳು ಬೇಕು. ಹಳೆಯವು ಸಿಕ್ಕರೂ ಸಾಕು, ಪಕ್ಕದ ಮನೆಯ ಅಕ್ಕನ ಹತ್ತಿರ ಇದ್ದೇ ಇರುತ್ತವೆ. ಕಳೆದ ವರ್ಷದ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಪ್ರಶ್ನೆಪತ್ರಿಕೆ, ನೀವು ನೋಡಿಬಂದಿರುವ ಕಾಲೇಜಿನ ವಾರದ ವೇಳಾಪಟ್ಟಿ ಇರಲಿ. ವೇಳಾಪಟ್ಟಿ ಕೊಡಲು ಹಿಂಜರಿಯುವ ಕಾಲೇಜಿನ ಬಗ್ಗೆ ಅಲ್ಲೇ ಅರ್ಧ ಗೊತ್ತಾಯಿತು ಅಂತಿಟ್ಟುಕೊಳ್ಳಿ.

ಹಂತ 1: ಕೊನೆಯಿಂದ ಹಿಂದಕ್ಕೆ ಬನ್ನಿ

ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಮಗ ಅಥವಾ ಮಗಳು ಮುಂದೆ ಓದಬಹುದಾದ ಎರಡು ಮೂರು ಪದವಿ, ಎರಡನೆಯದರಲ್ಲಿ ಅದಕ್ಕೆ ಬರೆಯಬೇಕಾದ ಪರೀಕ್ಷೆ, ಮೂರನೆಯದರಲ್ಲಿ ಆ ಪರೀಕ್ಷೆ ಕಡ್ಡಾಯವಾಗಿ ಕೇಳುವ ವಿಷಯ. ಅವರೇ ಬರೆಯಲಿ, ನೀವು ಪಕ್ಕದಲ್ಲಿ ಕೂತಿರಿ.

ಎಂಜಿನಿಯರಿಂಗ್ ಆದರೆ: ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿ, ಖಾಸಗಿ ಕಾಲೇಜುಗಳ ಕಾಮೆಡ್-ಕೆ, ಎನ್‌ಐಟಿಗಳಿಗೆ ಜೆಇಇ ಮೇನ್, ಐಐಟಿಗಳಿಗೆ ಅದರ ಮೇಲೆ ಜೆಇಇ ಅಡ್ವಾನ್ಸ್ಡ್. ವೈದ್ಯಕೀಯ, ದಂತವೈದ್ಯ, ಆಯುರ್ವೇದಕ್ಕೆ ನೀಟ್. ಕೃಷಿ, ಪಶುವೈದ್ಯ, ಫಾರ್ಮಸಿಗೆ ಸಿಇಟಿ. ಆರ್ಕಿಟೆಕ್ಚರ್‌ಗೆ ನಾಟಾ. ಕಾನೂನಿಗೆ ಕ್ಲಾಟ್. ಸಿಎ ಆಗಬೇಕಾದರೆ ಫೌಂಡೇಶನ್ ಪರೀಕ್ಷೆ.

ಹಾಳೆ ಖಾಲಿ ಉಳಿದರೂ ಗಾಬರಿ ಬೇಡ. ಹದಿನಾರು ವರ್ಷಕ್ಕೆ ಎಲ್ಲರಿಗೂ ಗೊತ್ತಿರುವುದಿಲ್ಲ. ಆಗ ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಬಾಗಿಲನ್ನು ಮುಚ್ಚಿದರೂ ಪರವಾಗಿಲ್ಲ? 'ರಕ್ತ ನೋಡಿದರೆ ತಲೆ ಸುತ್ತುತ್ತದೆ, ಡಾಕ್ಟರ್ ಅಂತೂ ಬೇಡ' ಎಂಬುದೂ ಒಳ್ಳೆಯ ಮಾಹಿತಿಯೇ.

ಹಂತ 2: ನಾಲ್ಕನೇ ವಿಷಯದ ಲೆಕ್ಕ

ವಿಜ್ಞಾನದಲ್ಲಿ ಸಾಮಾನ್ಯವಾಗಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಇದ್ದೇ ಇರುತ್ತವೆ. ಬದಲಾಗುವುದು ನಾಲ್ಕನೆಯದು. ಜೀವಶಾಸ್ತ್ರವಾದರೆ ಪಿಸಿಎಂಬಿ, ಕಂಪ್ಯೂಟರ್ ಸೈನ್ಸ್ ಆದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಆದರೆ ಪಿಸಿಎಂಇ, ಸಂಖ್ಯಾಶಾಸ್ತ್ರವಾದರೆ ಪಿಸಿಎಂಎಸ್. ಎರಡು ಭಾಷೆ ಸೇರಿ ಆರು ವಿಷಯ, ಒಟ್ಟು 600 ಅಂಕ.

ಇಲ್ಲಿ ತಪ್ಪು ತಿಳಿವಳಿಕೆಗಳು ಸಾಲುಗಟ್ಟಿ ನಿಂತಿವೆ. ಎಲ್ಲಕ್ಕಿಂತ ದೊಡ್ಡದು, ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೇರಲು ಪಿಯುಸಿಯಲ್ಲಿ ಕಂಪ್ಯೂಟರ್ ಓದಿರಲೇಬೇಕು ಎನ್ನುವುದು. ಇಲ್ಲ. ಎಂಜಿನಿಯರಿಂಗ್‌ಗೆ ಕಡ್ಡಾಯ ಭೌತಶಾಸ್ತ್ರ ಮತ್ತು ಗಣಿತ, ಜೊತೆಗೆ ರಸಾಯನಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್‌ನಂಥ ಒಂದು ವಿಷಯ. ಪಿಸಿಎಂಬಿ ಓದಿದವರು ಪ್ರತಿ ವರ್ಷ ಧಾರಾಳವಾಗಿ ಕಂಪ್ಯೂಟರ್ ಸೈನ್ಸ್ ಸೀಟು ಪಡೆಯುತ್ತಾರೆ. ರ್‍ಯಾಂಕ್ ನಿರ್ಧರಿಸುವುದು ಭೌತ, ರಸಾಯನ, ಗಣಿತ. ನಾಲ್ಕನೇ ವಿಷಯವಲ್ಲ.

ಹಾಗಾದರೆ ಎಲ್ಲರೂ ಪಿಸಿಎಂಬಿಯೇ ತಗೊಳ್ಳಲಿ, ಎರಡೂ ಬಾಗಿಲು ತೆರೆದಿರುತ್ತವಲ್ಲ? ಮನೆಯ ಹಿರಿಯರು ಹೇಳುವುದೂ ಇದನ್ನೇ. ಅರ್ಧ ಸರಿ. ಜೀವಶಾಸ್ತ್ರದ ಪುಸ್ತಕ ದಪ್ಪ, ಹೆಸರುಗಳು ವಿಪರೀತ, ಚಿತ್ರ ಬಿಡಿಸಬೇಕು, ಪ್ರಾಯೋಗಿಕ ಪರೀಕ್ಷೆಯೂ ಇದೆ. ಎಂಜಿನಿಯರಿಂಗೇ ಗುರಿ ಎಂದು ಖಚಿತವಿರುವ ಹುಡುಗನಿಗೆ ಅದು ವಾರದಲ್ಲಿ ಆರೇಳು ಗಂಟೆ ತಿನ್ನುತ್ತದೆ. ಆ ಹೊತ್ತನ್ನು ಗಣಿತಕ್ಕೆ ಹಾಕಬಹುದಿತ್ತು. ಪಿಸಿಎಂಸಿಯ ಕಂಪ್ಯೂಟರ್ ಹೋಲಿಕೆಯಲ್ಲಿ ಹಗುರ, ಅಂಕವೂ ಸಲೀಸು. ನನ್ನ ಅಭಿಪ್ರಾಯ ಇಷ್ಟು: ವೈದ್ಯಕೀಯ, ಪಶುವೈದ್ಯ, ಕೃಷಿ, ಜೀವವಿಜ್ಞಾನ ಇವುಗಳಲ್ಲಿ ಒಂದಾದರೂ ಆ ಹಾಳೆಯಲ್ಲಿ ನಿಜವಾಗಿ ಇದ್ದರೆ ಪಿಸಿಎಂಬಿ. 'ಯಾವುದಕ್ಕೂ ಇರಲಿ' ಅಂತ ಮಾತ್ರ ಇದ್ದರೆ ಬೇಡ.

ಇದರ ಉಲ್ಟಾ ತಪ್ಪೂ ಇದೆ. ವೈದ್ಯಕೀಯ ಮಾತ್ರ ಬೇಕು, ಗಣಿತ ಕಂಡರಾಗದು ಎನ್ನುವವರು ಗಣಿತವನ್ನು ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುವ ಕಾಂಬಿನೇಶನ್‌ಗಳು ಕೆಲವು ಕಾಲೇಜುಗಳಲ್ಲಿವೆ. ನೀಟ್‌ಗೆ ಗಣಿತ ಬೇಡ, ನಿಜ. ಆದರೆ ನೀಟ್‌ನಲ್ಲಿ ಸೀಟು ಸಿಗದೇ ಹೋದರೆ ಎಂಜಿನಿಯರಿಂಗ್ ಬಾಗಿಲು ಮುಚ್ಚಿರುತ್ತದೆ. ಗಣಿತದಲ್ಲಿ ಪಾಸಾಗುವುದೇ ಕಷ್ಟ ಎನ್ನುವಂತಿದ್ದರೆ ಮಾತ್ರ ಬಿಡಿ. ಕಷ್ಟಪಟ್ಟು 60 ತೆಗೆಯುವವರು ಇಟ್ಟುಕೊಳ್ಳಲಿ.

ಪಿಸಿಎಂಸಿ ಸೇರಿ ದ್ವಿತೀಯ ಪಿಯುಸಿ ಹೊತ್ತಿಗೆ 'ಡಾಕ್ಟರ್ ಆಗಬೇಕು' ಅನ್ನಿಸಿದರೆ? 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಂದು ಸಡಿಲಿಕೆ ಕೊಟ್ಟಿದೆ. ಹನ್ನೆರಡನೇ ತರಗತಿ ಮುಗಿಸಿದ ಮೇಲೆ ಮಾನ್ಯತೆ ಪಡೆದ ಮಂಡಳಿಯಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಬರೆದು ಪಾಸಾದವರೂ ನೀಟ್‌ಗೆ ಕೂರಬಹುದು. ದಾರಿ ಇದೆ, ಆದರೆ ಒಂದು ವರ್ಷದ ಸುತ್ತುದಾರಿ.

ಹಂತ 3: ಬೇಸಿಗೆ ರಜೆಯಲ್ಲೇ ಒಂದು ಪರೀಕ್ಷೆ

ಎಸ್ಸೆಸ್ಸೆಲ್ಸಿ ಗಣಿತದಲ್ಲಿ 98 ಬಂದವರು ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ 40ಕ್ಕೆ 14 ತೆಗೆದು ಅಳುವುದು ಪ್ರತಿ ವರ್ಷದ ದೃಶ್ಯ. ಅವರು ದಡ್ಡರಾದದ್ದಲ್ಲ. ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಯಾವ ರೀತಿಯ ಲೆಕ್ಕ ಬರುತ್ತದೆಂದು ಮೊದಲೇ ಗೊತ್ತು, ಹಳೇ ಪತ್ರಿಕೆ ಬಿಡಿಸಿದರೆ ಆಗುತ್ತದೆ. ಪಿಯುಸಿ ವಿಜ್ಞಾನ ಹಾಗಲ್ಲ. ಅಲ್ಲಿ ಒಂದು ಲೆಕ್ಕ ಇನ್ನೊಂದರ ಹಾಗೆ ಇರುವುದಿಲ್ಲ. ಹಾಗಾಗಿ ಶೇಕಡಾವಾರು ನೋಡಿ ಭಾರ ನಿರ್ಧರಿಸಬೇಡಿ. ಇದನ್ನು ಮಾಡಿ ನೋಡಿ.

ಪ್ರಥಮ ಪಿಯುಸಿ ಗಣಿತದಿಂದ ತ್ರಿಕೋನಮಿತಿಯ ಅಧ್ಯಾಯ, ಭೌತಶಾಸ್ತ್ರದಿಂದ ಸರಳರೇಖೆಯ ಮೇಲಿನ ಚಲನೆ, ರಸಾಯನಶಾಸ್ತ್ರದ ಮೊದಲ ಅಧ್ಯಾಯದ ಮೋಲ್ ಪರಿಕಲ್ಪನೆ. ಈ ಮೂರನ್ನು ಆರಿಸಿ. ದಿನಕ್ಕೆ ಎರಡು ಗಂಟೆಯಂತೆ ಎರಡು ವಾರ ಕೊಡಿ. ಮೊದಲು ತಾವೇ ಓದಲಿ. ಅರ್ಥವಾಗದ ಕಡೆ ಯಾರಾದರೂ ಒಮ್ಮೆ ಹೇಳಿಕೊಡಲಿ, ಅಥವಾ ಯೂಟ್ಯೂಬ್‌ನಲ್ಲಿ ಒಂದು ಪಾಠ ನೋಡಲಿ. ಆಮೇಲೆ ಪುಸ್ತಕದಲ್ಲಿ ಬಿಡಿಸಿಟ್ಟಿರುವ ಉದಾಹರಣೆಯನ್ನು ಕೈಯಿಂದ ಮುಚ್ಚಿ ಸ್ವಂತ ಬಿಡಿಸಲಿ. ಕೊನೆಗೆ ಅಭ್ಯಾಸದ ಲೆಕ್ಕ.

ನೋಡಬೇಕಾದ್ದು ಎಷ್ಟು ಸರಿಯಾಯಿತು ಎನ್ನುವುದೊಂದನ್ನೇ ಅಲ್ಲ. ಒಂದು ಲೆಕ್ಕ ಬಾರದಿದ್ದಾಗ ಏನು ಮಾಡುತ್ತಾರೆ ಎನ್ನುವುದನ್ನು. ಹದಿನೈದು ನಿಮಿಷ ಅದರ ಹಿಂದೆ ಬೀಳುತ್ತಾರಾ, ಇನ್ನೊಂದು ದಾರಿ ಹುಡುಕುತ್ತಾರಾ, ಅಥವಾ ತಕ್ಷಣ ಪುಸ್ತಕದ ಕೊನೆಯಲ್ಲಿರುವ ಉತ್ತರ ತಿರುವುತ್ತಾರಾ? ಹಾಗೆ ಲೆಕ್ಕದ ಬೆನ್ನು ಬಿಡದವರಿಗೆ ಅರ್ಧಕ್ಕರ್ಧ ಬಂದರೂ ಜೆಇಇ ಮಟ್ಟದ ಓದನ್ನು ಯೋಚಿಸಬಹುದು. ಹೇಳಿಕೊಟ್ಟರೆ ಬರುತ್ತದೆ, ಹೊಸದು ಬಂದರೆ ನಿಲ್ಲುತ್ತಾರೆ ಎಂದಾದರೆ ಬೋರ್ಡ್ ಮತ್ತು ಸಿಇಟಿಯ ಭಾರ ಸರಿಯಾದದ್ದು. ಹದಿನಾಲ್ಕು ದಿನವೂ ಪುಸ್ತಕ ತೆರೆಯಲು ಜಗಳವಾಡಿದರೆ, ವಿಜ್ಞಾನವೇ ಬೇಕಾ ಎಂದು ಕೇಳಲು ಅದೇ ಸರಿಯಾದ ಸಮಯ. ಅಡ್ಮಿಶನ್ ಆದಮೇಲೆ ಕೇಳಿದರೆ ದುಡ್ಡೂ ಹೋಗುತ್ತದೆ, ಮುಖವೂ ಬಾಡುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ನಿಮ್ಮ ಕಷ್ಟ ವಿಷಯದ್ದಲ್ಲದೆ ಪದಗಳದ್ದೂ ಆಗಿರಬಹುದು. ಅದನ್ನು ಬುದ್ಧಿಯ ಕೊರತೆ ಎಂದುಕೊಂಡು ಹಗುರ ಕೋರ್ಸಿಗೆ ಇಳಿಯಬೇಡಿ. ರಜೆಯಲ್ಲಿ ಒಂದು ನೂರು ಪುಟದ ಪುಸ್ತಕ ಮಾಡಿ. ಎಡಗಡೆ ಜಡತ್ವ, ಬಲಗಡೆ ಇನರ್ಷಿಯಾ. ಎಡಗಡೆ ಸಂವೇಗ, ಬಲಗಡೆ ಮೊಮೆಂಟಮ್. ವೇಗೋತ್ಕರ್ಷಕ್ಕೆ ಆಕ್ಸಿಲರೇಶನ್, ದ್ಯುತಿಸಂಶ್ಲೇಷಣೆಗೆ ಫೋಟೋಸಿಂಥೆಸಿಸ್. ಮುನ್ನೂರು ಪದಗಳಾದರೆ ಮೊದಲ ಎರಡು ತಿಂಗಳ ತರಗತಿ ಅರ್ಥವಾಗುತ್ತದೆ. ಅಂದಹಾಗೆ ನೀಟ್ ಮತ್ತು ಜೆಇಇ ಮೇನ್ ಎರಡನ್ನೂ ಕನ್ನಡದಲ್ಲಿ ಬರೆಯುವ ಆಯ್ಕೆ ಇದೆ. ಆದರೆ ತರಗತಿಯೂ ಅಭ್ಯಾಸದ ಪುಸ್ತಕಗಳೂ ಇಂಗ್ಲಿಷಿನಲ್ಲಿರುವುದರಿಂದ, ಯಾವ ಭಾಷೆಯಲ್ಲಿ ಬರೆಯಬೇಕೆಂದು ಅರ್ಜಿ ತುಂಬುವ ದಿನ ಅಲ್ಲ, ಪ್ರಥಮ ಪಿಯುಸಿಯಲ್ಲೇ ತೀರ್ಮಾನಿಸಿ.

ಹಂತ 4: ಗಂಟೆ ಎಣಿಸಿ

ನಿದ್ದೆಗೆ 8 ಗಂಟೆ ತೆಗೆದರೆ ಉಳಿಯುವುದು 16. ಬೆಳಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕೂವರೆವರೆಗೆ ಕಾಲೇಜು ಅಂದರೆ 8. ಬಸ್ಸಿಗೆ ಹೋಗಿಬರಲು ಒಂದೂವರೆ. ಸ್ನಾನ, ಊಟ, ತಿಂಡಿ, ಮೊಬೈಲಿಗೆ ಎರಡೂವರೆ (ಮೊಬೈಲನ್ನು ಲೆಕ್ಕಕ್ಕೆ ಸೇರಿಸದ ಅಪ್ಪ ಅಮ್ಮ ಸುಳ್ಳು ಲೆಕ್ಕ ಹಾಕುತ್ತಿದ್ದಾರೆ). ಉಳಿದದ್ದು 4 ಗಂಟೆ. ಸಂಜೆ ಹೊರಗೆ ಕೋಚಿಂಗ್ ಹಾಕಿದರೆ ಹೋಗಿಬರುವುದೂ ಸೇರಿ ಎರಡೂವರೆ ಗಂಟೆ ಅದಕ್ಕೆ. ಸ್ವಂತ ಕೂತು ಲೆಕ್ಕ ಬಿಡಿಸಲು ಸಿಗುವುದು ಒಂದೂವರೆ.

ಪಾಠ ಕೇಳುವುದು ಬೇರೆ, ಕಲಿಯುವುದು ಬೇರೆ. ದಿನಕ್ಕೆ ಹತ್ತು ಗಂಟೆ ಪಾಠ ಕೇಳಿ ಒಂದು ಗಂಟೆ ಸ್ವಂತ ಅಭ್ಯಾಸ ಮಾಡುವವರಿಗಿಂತ, ಆರು ಗಂಟೆ ಕೇಳಿ ಮೂರು ಗಂಟೆ ಬಿಡಿಸುವವರು ಮುಂದಿರುತ್ತಾರೆ. ಸ್ವಂತ ಅಭ್ಯಾಸಕ್ಕೆ ದಿನಕ್ಕೆ ಎರಡೂವರೆ ಗಂಟೆಯೂ ಉಳಿಯದ ಯಾವ ವ್ಯವಸ್ಥೆಯನ್ನೂ ನಾನು ಒಪ್ಪುವುದಿಲ್ಲ. ಹಾಸ್ಟೆಲ್ ಆದರೂ ಅಷ್ಟೇ: 'ಸ್ಟಡಿ ಅವರ್' ಎಂದು ಬರೆದಿರುವ ಹೊತ್ತಿನಲ್ಲಿ ಪರೀಕ್ಷೆ, ಹೆಚ್ಚುವರಿ ಪಾಠ ತುಂಬುತ್ತಾರೋ, ನಿಜವಾಗಿ ಓದಲು ಬಿಡುತ್ತಾರೋ ಎಂದು ಅಲ್ಲಿ ಈಗ ಓದುತ್ತಿರುವ ಹುಡುಗರನ್ನೇ ಕೇಳಿ.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಮಾರ್ಗಸೂಚಿಯಲ್ಲಿ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೋಚಿಂಗ್ ಬೇಡ, ವಾರಕ್ಕೊಂದು ರಜೆ ಇರಲಿ ಎಂದಿದೆ. ಕಾಲೇಜಿನವರ ಮುಂದೆ ಇದನ್ನು ಹೇಳಲು ಸಂಕೋಚ ಬೇಡ.

ಹಂತ 5: ಯಾವ ಪರೀಕ್ಷೆಗೆ ಎಷ್ಟು ಭಾರ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಪಿಯುಸಿ ಅಂಕಕ್ಕೆ ಒಂದೊಂದು ಪರೀಕ್ಷೆ ಕೊಡುವ ಬೆಲೆ ಒಂದೊಂದು ಥರ. ಇದನ್ನು ತಿಳಿಯದೆ ಭಾರ ಹೊತ್ತವರೇ ಹೆಚ್ಚು.

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಪ್ರಶ್ನೆಗೊಂದು ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಎಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿಯ ಅರ್ಧ, ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತ ಅಂಕಗಳ ಅರ್ಧ. ಇಬ್ಬರು ಹುಡುಗಿಯರನ್ನು ತೆಗೆದುಕೊಳ್ಳಿ. ಒಬ್ಬಳಿಗೆ ಬೋರ್ಡ್‌ನ ಮೂರು ವಿಷಯಗಳಲ್ಲಿ 300ಕ್ಕೆ 285, ಸಿಇಟಿಯಲ್ಲಿ 180ಕ್ಕೆ 81. ಶೇಕಡಾ 95ರ ಅರ್ಧ 47.5, ಶೇಕಡಾ 45ರ ಅರ್ಧ 22.5, ಒಟ್ಟು 70. ಇನ್ನೊಬ್ಬಳು ಎರಡು ವರ್ಷ ಜೆಇಇ ಬ್ಯಾಚಿನಲ್ಲಿದ್ದು ಬೋರ್ಡ್ ಕಡೆಗಣಿಸಿದಳು. 300ಕ್ಕೆ 216, ಸಿಇಟಿಯಲ್ಲಿ 117. ಅಂದರೆ 36 ಮತ್ತು 32.5, ಒಟ್ಟು 68.5. ಸಿಇಟಿಯಲ್ಲಿ 36 ಅಂಕ ಹೆಚ್ಚು ತೆಗೆದೂ ಎರಡನೆಯವಳು ಹಿಂದೆ ಉಳಿದಳು. ಲೆಕ್ಕ ಸುಲಭ: ಬೋರ್ಡ್‌ನ 10 ಅಂಕ ಸಿಇಟಿಯ 6 ಅಂಕಕ್ಕೆ ಸಮ.

ಆ 300ರಲ್ಲಿ ಭೌತ ಮತ್ತು ರಸಾಯನಶಾಸ್ತ್ರದ ಪ್ರಾಯೋಗಿಕಕ್ಕೆ 30ರಂತೆ 60, ಗಣಿತದ ಆಂತರಿಕ ಮೌಲ್ಯಮಾಪನಕ್ಕೆ 20. ಲ್ಯಾಬಿಗೆ ಸರಿಯಾಗಿ ಹೋಗಿ, ರೆಕಾರ್ಡ್ ಬರೆದು, ಕೊಟ್ಟ ಕೆಲಸವನ್ನು ಸಮಯಕ್ಕೆ ಒಪ್ಪಿಸುವವರಿಗೆ ಈ 80 ಕೈಗೆಟಕುವ ಅಂಕಗಳು. ಕೋಚಿಂಗಿನ ನೆಪದಲ್ಲಿ ಲ್ಯಾಬ್ ತಿಂದುಹಾಕುವ ಕಾಲೇಜು ನಿಮ್ಮ ರ್‍ಯಾಂಕನ್ನೇ ತಿನ್ನುತ್ತಿದೆ.

ನೀಟ್‌ನಲ್ಲಿ ಹಾಗಲ್ಲ. ಅಲ್ಲಿ ಪಿಯುಸಿ ಅಂಕ ಅರ್ಹತೆಗೆ ಮಾತ್ರ: ಸಾಮಾನ್ಯ ವರ್ಗಕ್ಕೆ ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇಕಡಾ 50, ಮೀಸಲು ವರ್ಗಗಳಿಗೆ 40. ಉಳಿದದ್ದೆಲ್ಲ 720 ಅಂಕಗಳ ಆ ಒಂದು ಮಧ್ಯಾಹ್ನದ ಮೇಲೆ. 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದ್ದು. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ. ಜೆಇಇ ಮೇನ್ 75 ಪ್ರಶ್ನೆ, 300 ಅಂಕ. ಇಲ್ಲಿಯೂ ಬೋರ್ಡ್ ಅಂಕ ಸೇರುವುದಿಲ್ಲ. ಆದರೆ ಎನ್‌ಐಟಿ, ಐಐಟಿ ಸೇರಲು ಪಿಯುಸಿಯಲ್ಲಿ ಶೇಕಡಾ 75 (ಎಸ್‌ಸಿ, ಎಸ್‌ಟಿಗೆ 65) ಇರಬೇಕು, ಅಥವಾ ಬೋರ್ಡ್‌ನ ಮೇಲಿನ 20 ಪರ್ಸೆಂಟೈಲ್‌ನಲ್ಲಿ, ಅಂದರೆ ಸಾಧನೆಯಲ್ಲಿ ಮೇಲಿನ ಐದನೇ ಒಂದು ಭಾಗದಲ್ಲಿರಬೇಕು. ಅಡ್ವಾನ್ಸ್ಡ್ ಬರೆಯಲು ಸಿಗುವುದೇ ಮೇನ್‌ನ ಮೇಲಿನ 2.5 ಲಕ್ಷ ಮಂದಿಗೆ. ಅದನ್ನು ಸತತ ಎರಡು ವರ್ಷಗಳಲ್ಲಿ ಎರಡು ಬಾರಿ ಮಾತ್ರ ಬರೆಯಬಹುದು. ನೀಟ್‌ಗೆ ಅಂಥ ಮಿತಿ ಇಲ್ಲ. ಹಾಗಾಗಿಯೇ ಪಿಯುಸಿ ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತು ಓದುವ 'ಲಾಂಗ್ ಟರ್ಮ್' ಪದ್ಧತಿ ನೀಟ್ ಸುತ್ತ ಬೆಳೆದಿರುವುದು.

ಇದರಿಂದ ತಿಳಿಯುವುದು: ನಿಮ್ಮ ನಿಜವಾದ ಗುರಿ ರಾಜ್ಯದ ಒಳ್ಳೆಯ ಎಂಜಿನಿಯರಿಂಗ್ ಕಾಲೇಜಾದರೆ, ಜೆಇಇ ಅಡ್ವಾನ್ಸ್ಡ್ ಮಟ್ಟದ ಬ್ಯಾಚು ಭಾರವಷ್ಟೇ. ಸಾಧಾರಣ ಒಳ್ಳೆಯ ಪಿಯು ಕಾಲೇಜು, ಪಠ್ಯಪುಸ್ತಕ ಪೂರ್ತಿ, ಹಿಂದಿನ ಹತ್ತು ವರ್ಷದ ಸಿಇಟಿ ಪತ್ರಿಕೆ, ಕೊನೆಯ ಎರಡು ತಿಂಗಳ ಕ್ರ್ಯಾಶ್ ಕೋರ್ಸ್. ಬೇಕಾದರೆ ಕಾಮೆಡ್-ಕೆ ಸೇರಿಸಿಕೊಳ್ಳಿ. ಅದರ ಪ್ರಶ್ನೆಗಳೂ ಇದೇ ಜಾತಿಯವು, 180 ಪ್ರಶ್ನೆ, ಕಡಿತವಿಲ್ಲ. ಜೆಇಇ ಮೇನ್ ಅನ್ನು ಅನುಭವಕ್ಕೆಂದು ಬರೆದರೆ ತಪ್ಪಿಲ್ಲ, ಅದಕ್ಕಾಗಿ ಎರಡು ವರ್ಷ ಬದುಕುವುದು ಬೇರೆ ವಿಷಯ.

ಸಿಇಟಿ ಮತ್ತು ನೀಟ್ ಎರಡನ್ನೂ ಒಟ್ಟಿಗೆ ಹೊರುವವರು ಈ ಕ್ಯಾಲೆಂಡರ್ ನೋಡಿ. 2025ರಲ್ಲಿ ಜೆಇಇ ಮೇನ್ ಮೊದಲ ಸುತ್ತು ಜನವರಿ ಕೊನೆಗೆ, ದ್ವಿತೀಯ ಪಿಯು ಪರೀಕ್ಷೆ-1 ಮಾರ್ಚ್ 1ರಿಂದ 20, ಜೆಇಇ ಎರಡನೇ ಸುತ್ತು ಏಪ್ರಿಲ್ ಆರಂಭದಲ್ಲಿ, ಸಿಇಟಿ ಏಪ್ರಿಲ್ 16 ಮತ್ತು 17, ನೀಟ್ ಮೇ 4, ಕಾಮೆಡ್-ಕೆ ಮೇ 10, ಅಡ್ವಾನ್ಸ್ಡ್ ಮೇ 18. ನಾಲ್ಕು ತಿಂಗಳಲ್ಲಿ ಎಲ್ಲವೂ. ಅಷ್ಟೂ ಬರೆಯುತ್ತೇನೆ ಎನ್ನುವವರಿಗೆ ಒಂದಕ್ಕೂ ಸರಿಯಾಗಿ ತಯಾರಾಗಲು ಬಿಡುವಿರುವುದಿಲ್ಲ. ಒಂದು ಮುಖ್ಯ, ಒಂದು ಜೊತೆಗೆ, ಉಳಿದದ್ದು ಬಿಟ್ಟುಬಿಡಿ.

ಇನ್ನೊಂದು ಗುಂಡಿ: ಪಠ್ಯಕ್ರಮ. ಸಿಇಟಿ ನಡೆಯಬೇಕಾದ್ದು ಪಿಯು ಪಠ್ಯದ ಮೇಲೆ. 2024ರ ಸಿಇಟಿಯಲ್ಲಿ, ಪಠ್ಯದಿಂದ ಕೈಬಿಟ್ಟಿದ್ದ ಪಾಠಗಳಿಂದ ಪ್ರಶ್ನೆ ಬಂದು ಗಲಾಟೆಯಾಗಿ, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆದರು. ಕೋಚಿಂಗ್ ಕೊಡುವ ದಪ್ಪ ಪುಸ್ತಕದಲ್ಲಿ ಇದ್ದದ್ದೆಲ್ಲ ಪರೀಕ್ಷೆಯಲ್ಲಿಲ್ಲ. ನೀವು ಬರೆಯುವ ವರ್ಷದ ಪಠ್ಯಕ್ರಮದ ಪಟ್ಟಿ ಇಟ್ಟುಕೊಂಡು ಪುಸ್ತಕದಲ್ಲಿ ಬೇಡದ್ದನ್ನು ಪೆನ್ಸಿಲಿನಿಂದ ಹೊಡೆದುಹಾಕಿ.

ವಾಣಿಜ್ಯ, ಕಲಾ ವಿಭಾಗದವರಿಗೆ

ಇಲ್ಲಿಯೂ ಭಾರದ ಪ್ರಶ್ನೆ ಇದೆ, ಕೇಳುವವರು ಕಡಿಮೆ. ವಾಣಿಜ್ಯದಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರದ ಜೊತೆ ಕಂಪ್ಯೂಟರ್, ಸಂಖ್ಯಾಶಾಸ್ತ್ರ, ಬೇಸಿಕ್ ಮ್ಯಾಥ್ಸ್ ಅಥವಾ ಇತಿಹಾಸ ಬರುತ್ತದೆ. ಗಣಿತದಿಂದ ತಪ್ಪಿಸಿಕೊಳ್ಳಲೆಂದೇ ಇತಿಹಾಸ ಆರಿಸಿ ಆಮೇಲೆ ಸಿಎ ಕನಸು ಕಾಣುವವರಿದ್ದಾರೆ. ಸಿಎ ಫೌಂಡೇಶನ್‌ನ ನಾಲ್ಕು ಪತ್ರಿಕೆಗಳಲ್ಲಿ ಒಂದು ಪೂರ್ತಿ ಗಣಿತ, ತರ್ಕ, ಸಂಖ್ಯಾಶಾಸ್ತ್ರದ್ದು. ಪ್ರತಿ ಪತ್ರಿಕೆಯಲ್ಲಿ 40, ಒಟ್ಟು ಶೇಕಡಾ 50 ಬೇಕು. ಆ ಯೋಚನೆ ಇದ್ದರೆ ಬೇಸಿಕ್ ಮ್ಯಾಥ್ಸ್ ಅಥವಾ ಸಂಖ್ಯಾಶಾಸ್ತ್ರ ಇಟ್ಟುಕೊಳ್ಳಿ. ಕಾನೂನಿಗೆ ಹೋಗುವವರಿಗೆ ಯಾವ ವಿಭಾಗವಾದರೂ ಆಗುತ್ತದೆ. ಕ್ಲಾಟ್‌ನ 120 ಪ್ರಶ್ನೆಗಳು ಹೆಚ್ಚಾಗಿ ಇಂಗ್ಲಿಷ್ ಗದ್ಯ ಓದಿ ಉತ್ತರಿಸುವಂಥವು, ಹಾಗಾಗಿ ದಿನಾ ಪತ್ರಿಕೆ ಓದುವುದೇ ಅದರ ಕೋಚಿಂಗ್.

ಹಂತ 6: ದುಡ್ಡು ಕಟ್ಟುವ ಮುನ್ನ ಕೇಳಬೇಕಾದ್ದು

ಫಲಿತಾಂಶಕ್ಕೆ ಮೊದಲೇ, ಡಿಸೆಂಬರಿನಿಂದಲೇ 'ಸ್ಕಾಲರ್‌ಶಿಪ್ ಟೆಸ್ಟ್' ನಡೆಸಿ ಸೀಟು ತುಂಬುವವರಿದ್ದಾರೆ. ಇಂದೇ ಕಟ್ಟಿದರೆ ಇಷ್ಟು ರಿಯಾಯಿತಿ ಎನ್ನುತ್ತಾರೆ. ಪೂರ್ತಿ ಶುಲ್ಕ ಕಟ್ಟಬೇಡಿ. ಈ ನಾಲ್ಕನ್ನು ಕೇಳಿ:

1. ಕಾಲೇಜು ಶುಲ್ಕ ಎಷ್ಟು, ಕೋಚಿಂಗ್ ಶುಲ್ಕ ಎಷ್ಟು? ರಸೀದಿ ಬೇರೆ ಬೇರೆ ಕೊಡುತ್ತೀರಾ?
2. ನಡುವೆ ಕೋಚಿಂಗ್ ಬಿಟ್ಟು ಕಾಲೇಜಿನಲ್ಲಿ ಮಾತ್ರ ಮುಂದುವರಿಯಬಹುದಾ? ಬಿಟ್ಟರೆ ಎಷ್ಟು ವಾಪಸ್? ಬರೆದು ಕೊಡುತ್ತೀರಾ?
3. ಬ್ಯಾಚುಗಳನ್ನು ಯಾವ ಆಧಾರದಲ್ಲಿ ವಿಂಗಡಿಸುತ್ತೀರಿ? ಕೆಳಗಿನ ಬ್ಯಾಚಿಗೂ ಇದೇ ಉಪನ್ಯಾಸಕರಾ?
4. ಲ್ಯಾಬ್ ವಾರಕ್ಕೆ ಎಷ್ಟು, ಯಾವ ದಿನ?

ಮೂರನೆಯದು ಮುಖ್ಯ. ಗೋಡೆಯ ಮೇಲೆ ರ್‍ಯಾಂಕ್ ಬಂದವರ ಫೋಟೊ ಇರುವುದು ಮೊದಲ ಬ್ಯಾಚಿನವರದ್ದು. ನಿಮ್ಮ ಮಗ ಮೂರನೇ ಬ್ಯಾಚಿನಲ್ಲಿದ್ದರೆ ಅವನಿಗೆ ಸಿಗುವುದು ಬೇರೆ ಕಾಲೇಜು, ನೀವು ಕಟ್ಟುವುದು ಮಾತ್ರ ಅದೇ ಶುಲ್ಕ. ಎರಡನೆಯದಕ್ಕೆ ಬಲವಿದೆ: ಮೇಲೆ ಹೇಳಿದ ಮಾರ್ಗಸೂಚಿ, ಪೂರ್ತಿ ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು 10 ದಿನಗಳೊಳಗೆ ಕೊಡಬೇಕೆನ್ನುತ್ತದೆ.

ಹೆಸರು ಒಂದು ಕಾಲೇಜಿನಲ್ಲಿ, ಓದು ಇನ್ನೊಂದು ಕೋಚಿಂಗ್ ಕೇಂದ್ರದಲ್ಲಿ ಎನ್ನುವ ಏರ್ಪಾಡಿಗೆ ಒಪ್ಪಬೇಡಿ. ಪಿಯುಸಿಗೆ ಶೇಕಡಾ 75 ಹಾಜರಾತಿ ಬೇಕು. ಸಿಕ್ಕಿಬಿದ್ದಾಗ ಪರೀಕ್ಷೆ ತಪ್ಪುವುದು ಮಕ್ಕಳಿಗೆ.

ಹಂತ 7: ಸೆಪ್ಟೆಂಬರಿನಲ್ಲಿ ಮತ್ತೆ ತೂಗಿ

ಪ್ರಥಮ ಪಿಯುಸಿಯ ಅಂಕ ಯಾವ ರ್‍ಯಾಂಕಿಗೂ ಸೇರುವುದಿಲ್ಲ, ಹಾಗಾಗಿ ಆ ವರ್ಷ ಆರಾಮ ಎಂದುಕೊಳ್ಳುವವರಿದ್ದಾರೆ. ಪಾಠ ಸೇರುತ್ತದೆ. ಸಿಇಟಿ, ನೀಟ್, ಜೆಇಇ ಮೂರೂ ಎರಡು ವರ್ಷದ ಪಠ್ಯದ ಮೇಲೆ. ಅಂಕ ಲೆಕ್ಕಕ್ಕಿಲ್ಲದ ಈ ವರ್ಷ ಭಾರ ಸರಿಮಾಡಿಕೊಳ್ಳಲು ಸಿಗುವ ಅವಕಾಶ, ಅಷ್ಟೇ.

ಮೊದಲ ಕಿರುಪರೀಕ್ಷೆಯ ಅಂಕ ನೋಡಿ ಏನೂ ನಿರ್ಧರಿಸಬೇಡಿ, ಎಲ್ಲರಿಗೂ ಬೀಳುತ್ತದೆ. ಎರಡನೆಯದು, ಮಧ್ಯಾವಧಿ ಪರೀಕ್ಷೆ ನೋಡಿ. ಏರುತ್ತಿದೆಯಾ? ನಿದ್ದೆ ಆರು ಗಂಟೆಗಿಂತ ಕೆಳಗಿಳಿದಿದೆಯಾ? ಭಾನುವಾರ ಸಂಜೆ ಹೊಟ್ಟೆನೋವು ಬರುತ್ತಿದೆಯಾ? ಫೋನಿನಲ್ಲಿ 'ಚೆನ್ನಾಗಿದೀನಿ' ಎಂದಷ್ಟೇ ಹೇಳಿ ಇಡುತ್ತಾರಾ? ಅಂಕ ಏರದೆ, ನಿದ್ದೆಯೂ ಹೋಗಿದ್ದರೆ ಕೋಚಿಂಗನ್ನು ಇಳಿಸಿ, ಕಾಂಬಿನೇಶನ್ ಅಲ್ಲ. ಜೆಇಇ ಬ್ಯಾಚಿನಿಂದ ಸಿಇಟಿ ಬ್ಯಾಚಿಗೆ ಬಂದರೆ ಕಳೆದುಕೊಳ್ಳುವುದು ಕಡಿಮೆ. ಕಾಂಬಿನೇಶನ್ ಬದಲಿಸುವುದಿದ್ದರೆ ಅದಕ್ಕೆ ಶುರುವಿನ ವಾರಗಳಲ್ಲಷ್ಟೇ ಅವಕಾಶ, ಕೊನೆಯ ದಿನಾಂಕವನ್ನು ಅಡ್ಮಿಶನ್ ದಿನವೇ ಪ್ರಾಂಶುಪಾಲರ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಬೋರ್ಡ್ ಅಂಕದ ಬಗ್ಗೆ ವಿಪರೀತ ಹೆದರುವವರಿಗೆ: 2024ರಿಂದ ದ್ವಿತೀಯ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಅವುಗಳಲ್ಲಿ ಉತ್ತಮವಾದ ಅಂಕ ಉಳಿಯುತ್ತದೆ.

ಹಳ್ಳಿಯಿಂದ ಮಂಗಳೂರಿಗೋ ಬೆಂಗಳೂರಿಗೋ ಕಳಿಸಿದರೆ ಗ್ರಾಮೀಣ ಮೀಸಲಾತಿ ಹೋಗುತ್ತದೆಂದು ಕೆಲವರು ಹೆದರಿ ಹತ್ತಿರದ ಕಾಲೇಜಿಗೇ ಹಾಕುತ್ತಾರೆ. ಹೋಗುವುದಿಲ್ಲ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ ನೋಡುವುದು ಒಂದರಿಂದ ಹತ್ತನೇ ತರಗತಿವರೆಗಿನ ಓದನ್ನು. ಆ ವ್ಯಾಸಂಗ ಪ್ರಮಾಣಪತ್ರಗಳನ್ನು ಪ್ರೌಢಶಾಲೆಯ ಟಿಸಿ ತರಲು ಹೋದ ದಿನವೇ ಕೇಳಿ ಪಡೆಯಿರಿ. ಪ್ರಾಥಮಿಕ ಶಾಲೆ ಬೇರೆಯಾಗಿದ್ದರೆ ಅಲ್ಲಿಂದಲೂ ಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಯೂ ಬೇಕು. ಎರಡು ವರ್ಷ ಕಳೆದು ಸಿಇಟಿ ದಾಖಲೆ ಪರಿಶೀಲನೆಯ ಹೊತ್ತಿಗೆ ಹೋದರೆ ಸಹಿ ಹಾಕಬೇಕಾದ ಮುಖ್ಯ ಶಿಕ್ಷಕರು ವರ್ಗವಾಗಿರುತ್ತಾರೆ.